ಪೊಟ್ಟಣದ ರುಚಿ

ಹಿರೇಕೆರೂರಿಗೆ ಯಾರೂ ತಿನ್ನಲೆಂದೇ ಬರುವುದಿಲ್ಲ. ಬರುವವರು ತಹಶೀಲ್ದಾರ್ ಕಚೇರಿಗೆ ಬರುತ್ತಾರೆ, ಕೋರ್ಟಿಗೆ ಬರುತ್ತಾರೆ, ಸಂತೆಗೆ ಬರುತ್ತಾರೆ. ಇಲ್ಲವೇ ಶಿಕಾರಿಪುರದ ಬಸ್ಸು ತಪ್ಪಿಸಿಕೊಂಡು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿರುತ್ತಾರೆ. ಅಂಥವರಲ್ಲಿ ನೀವೂ ಒಬ್ಬರಾಗಿದ್ದರೆ, ಓದುಗರೇ, ಮುಂದಿನ ಬಸ್ಸಿಗೆ ಇನ್ನೂ ಸಮಯವಿದ್ದರೆ, ಎದ್ದು ನನ್ನ ಜೊತೆ ಬನ್ನಿ. ಈ ಊರಲ್ಲಿ ಎಲ್ಲಿ ಏನು ತಿನ್ನಬೇಕು, ಯಾವ ಹೊತ್ತಿಗೆ ತಿನ್ನಬೇಕು ಎಂಬುದು ನನಗೆ ಗೊತ್ತು. ಗೊತ್ತಿದೆ ಎಂದು ಕಳೆದ ಚಳಿಗಾಲದವರೆಗೆ ಜಂಭದಿಂದ ಹೇಳಿಕೊಳ್ಳುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಕರಾವಳಿಯ ಸ್ನೇಹಿತರೊಬ್ಬರು ಮದುವೆಯೊಂದಕ್ಕೆ ಬಂದವರು ನಮ್ಮ ಮನೆಯಲ್ಲಿ ಉಳಿದರು. ಮದ್ರಸದಲ್ಲಿ ನನ್ನ ಜೊತೆ ಓದಿದವರು. ಚಹಾ ಕುಡಿಯುತ್ತಾ, "ನಿಮ್ಮ ಕಡೆ ತಿನ್ನಲು ಏನಿದೆ ಮಾರಾಯರೇ? ಮೀನೂ ಇಲ್ಲ, ಪತ್ತಿರಿಯೂ ಇಲ್ಲ" ಎಂದರು. ನನಗೆ ಸಿಟ್ಟು ಬಂತು. ಊರಿನ ಮರ್ಯಾದೆಯ ಪ್ರಶ್ನೆ! ಸುಮಾರು ಒಂದು ಗಂಟೆ ನಾನು ಮಾತಾಡಿದೆ. ಅವರಿಗೆ ಹೇಳಿದ್ದನ್ನೇ ಮೊದಲು ನಿಮಗೂ ಹೇಳಿಬಿಡುತ್ತೇನೆ. ಆಮೇಲೆ ಏನಾಯಿತು ಎಂಬುದು ಬೇರೆ.

ಫಜ್ರ್ ನಮಾಝ್ ಮುಗಿಸಿ ಮಸೀದಿಯಿಂದ ಹೊರಬಂದರೆ ಊರಿನ್ನೂ ಮಲಗಿರುತ್ತದೆ. ಎದ್ದಿರುವುದು ಹಾಲಿನ ಕ್ಯಾನಿನವರು, ಮೊದಲ ಬಸ್ಸಿನ ಚಾಲಕರು ಮತ್ತು ನಮ್ಮ ಚಹಾದ ಅಜ್ಜ. ಅಜ್ಜನ ಅಂಗಡಿಗೆ ಬೋರ್ಡಿಲ್ಲ. ತಗಡಿನ ಛಾವಣಿ, ಎರಡು ಬೆಂಚು, ಮಸಿ ಹಿಡಿದ ಒಂದು ಕಿಟಲಿ. ಚಹಾ ಈಗ ಗಾಜಿನ ಲೋಟದಲ್ಲಿ ಬರುತ್ತದೆ. ಆದರೆ ಹಳೆಯ ಗಿರಾಕಿಗಳಿಗೆ ಅಜ್ಜ ಇಂದಿಗೂ ಕಪ್ಪು-ಬಸಿಯಲ್ಲೇ ಕೊಡುತ್ತಾರೆ. ಬಸಿಗೆ ಹೊಯ್ದುಕೊಂಡು, ಎರಡು ಬಾರಿ ಊದಿ, ಸುರ್ರೆಂದು ಎಳೆಯಬೇಕು. ಹಾಗೆ ಕುಡಿಯದಿದ್ದರೆ ಅಜ್ಜನಿಗೆ ತನ್ನ ಚಹಾ ಹಿಡಿಸಲಿಲ್ಲವೇನೋ ಎಂಬ ಸಂಶಯ. ಶುಂಠಿ ಎಲ್ಲ ದಿನ ಇರುತ್ತದೆ. ಏಲಕ್ಕಿ ಮಾತ್ರ ಜಾತ್ರೆ, ಹಬ್ಬ, ಈದ್‌ನ ದಿನಗಳಲ್ಲಿ. ನಮ್ಮ ಜಿಲ್ಲೆಯನ್ನು ಏಲಕ್ಕಿ ಕಂಪಿನ ನಾಡೆಂದು ಕರೆಯುತ್ತಾರೆ, ನೀವು ಕೇಳಿರಬಹುದು. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ. ಹಾವೇರಿ ಹೆಸರಾದದ್ದು ಏಲಕ್ಕಿ ಹಾರಗಳಿಗೆ. ದೊಡ್ಡವರ ಕೊರಳಿಗೆ ಬೀಳುವ ಆ ಹಾರಗಳನ್ನು ತಲೆಮಾರುಗಳಿಂದ ಕಟ್ಟುತ್ತಾ ಬಂದವರು ಹಾವೇರಿಯ ಪಟವೇಗಾರ ಮನೆತನದ ಮುಸ್ಲಿಮರು. ಹಾರದ ಏಲಕ್ಕಿ ಮಂತ್ರಿಗಳಿಗೆ, ಚಹಾದ ಏಲಕ್ಕಿ ನಮಗೆ, ಅದೂ ವರ್ಷಕ್ಕೆ ನಾಲ್ಕೈದು ಸಲ.

ಈ ಅಂಗಡಿಗೆ ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಅಬ್ಬಾ. ಅವರು ಹಮಾಲರಾಗಿದ್ದರು. ಮೆಣಸಿನಕಾಯಿ ಚೀಲ, ಹತ್ತಿಯ ಅಂಡಿಗೆ, ಗೋವಿನಜೋಳದ ಮೂಟೆ, ಏನು ಬಂದರೂ ಬೆನ್ನಿಗೆ. ಕೆಲಸಕ್ಕೆ ಮುನ್ನ ಒಂದು ಚಹಾ, ಕೆಲಸ ಮುಗಿದ ಮೇಲೆ ಒಂದು ಚಹಾ. ಆರು ವರ್ಷದ ನನಗೆ ತಮ್ಮ ಬಸಿಯಲ್ಲಿ ಅರ್ಧ ಹೊಯ್ದು ಕೊಡುತ್ತಿದ್ದರು. ಅವರ ಅಂಗೈಯ ದಡ್ಡು ಬಸಿಯ ಬಿಸಿಗೆ ಹೆದರುತ್ತಿರಲಿಲ್ಲ, ನನ್ನ ಬೆರಳು ಸುಡುತ್ತಿತ್ತು. ಅದರ ಜೊತೆ ಒಂದು ಖಾರಿ ಬಿಸ್ಕೂಟು. ಅದನ್ನು ಚಹಾದಲ್ಲಿ ಅದ್ದಿ, ಮುರಿದು ಬೀಳುವ ಮೊದಲೇ ಬಾಯಿಗೆ ಸೇರಿಸುವ ವಿದ್ಯೆಯನ್ನು ಅಲೀಫ್-ಬೇಗಿಂತ ಮೊದಲೇ ಕಲಿತೆ.

ಮಧ್ಯಾಹ್ನದ ಊಟಕ್ಕೆ ಖಾನಾವಳಿ. ನಮ್ಮದು ವಿಚಿತ್ರವಾದ ತಾಲೂಕು. ಒಂದು ಕಾಲು ಬಯಲುಸೀಮೆಯಲ್ಲಿ, ಇನ್ನೊಂದು ಕಾಲು ಮಲೆನಾಡಿನ ಅಂಚಿನಲ್ಲಿ. ರೊಟ್ಟಿ ತಿನ್ನುವವರು ಅನ್ನ ಬಿಡುವುದಿಲ್ಲ, ಅನ್ನ ತಿನ್ನುವವರು ರೊಟ್ಟಿ ಬಿಡುವುದಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಆಮೇಲೆ ಅನ್ನ-ಸಾರು. ಖಾನಾವಳಿ ಶುದ್ಧ ಸಸ್ಯಾಹಾರಿಯಾದ್ದರಿಂದ ನಮಗೆ ಹಲಾಲ್-ಹರಾಮ್‌ನ ಚಿಂತೆಯಿಲ್ಲ, ಬಿಸ್ಮಿಲ್ಲಾ ಹೇಳಿ ಕೈ ಹಾಕುವುದೊಂದೇ.

ಮದ್ರಸದ ಓದು ಮುಗಿಸಿ, ಮಕ್ಕಳಿಗೆ ಪಾಠ ಹೇಳುತ್ತಲೇ ನಾನು ಬಿ.ಎ. ಮಾಡಿದೆ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಹಾಲ್ ಟಿಕೆಟ್ ಹಿಡಿದುಕೊಂಡು, ಗಡ್ಡ ಬಿಟ್ಟುಕೊಂಡು, ಹದಿನೆಂಟರ ಹುಡುಗರ ನಡುವೆ ಪರೀಕ್ಷೆಗೆ ಕೂರುವುದೆಂದರೆ ಸಣ್ಣ ನಾಚಿಕೆಯಲ್ಲ. ಹುಡುಗರು ನನ್ನನ್ನು ಮೇಲ್ವಿಚಾರಕರೆಂದು ತಿಳಿದು ಎದ್ದು ನಿಂತದ್ದೂ ಉಂಟು. ಆ ದಿನಗಳಲ್ಲಿ ಜೇಬಿನಲ್ಲಿ ದುಡ್ಡು ಕಡಿಮೆ. ಖಾನಾವಳಿಯ ಅವ್ವ ರೊಟ್ಟಿ ಬಡಿಯುತ್ತಲೇ, "ಇನ್ನೊಂದ ಹಾಕಲೇನ್ರಿ ಮಾಸ್ತರ? ಹೊಟ್ಟಿ ತುಂಬಿದರ ತಲಿ ಓಡತೈತಿ" ಎನ್ನುತ್ತಿದ್ದರು. ಎಷ್ಟು ರೊಟ್ಟಿ ತಿಂದರೂ ದರ ಒಂದೇ. ಅವರು ಲೆಕ್ಕ ಹಾಕುತ್ತಿದ್ದದ್ದು ತಿಂದವರದ್ದಲ್ಲ, ತಿನ್ನದೆ ಎದ್ದವರದ್ದು. ಸರ್ವಜ್ಞ ನಮ್ಮ ತಾಲೂಕಿನವನು, ಅಬಲೂರು-ಮಾಸೂರು ಕಡೆಯವನು ಎಂದು ನಾವು ಹೆಮ್ಮೆಪಡುತ್ತೇವೆ. ಕನ್ನಡ ಪತ್ರಿಕೆಯಲ್ಲಿ ಅವನ ಮೇಲೆ ಪ್ರಶ್ನೆ ಬಂದಾಗ ಆ ಅವ್ವನ ರೊಟ್ಟಿಯ ಬಲದ ಮೇಲೆಯೇ ಉತ್ತರ ಬರೆದೆ.

ಇನ್ನು ಗಿರಮಿಟ್. ಇದಕ್ಕಾಗಿ ನಾನು ಸ್ವಲ್ಪ ನಿಧಾನಿಸಬೇಕು.

ಚುರುಮರಿ ಎಲ್ಲ ಕಡೆಯೂ ಸಿಗುತ್ತದೆ. ನಮ್ಮ ಕಡೆಗೆ ಅದು ಬಹುಪಾಲು ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಬರುತ್ತದೆ. ಅಲ್ಲಿ ಕಾದ ಉಸುಕಿನಲ್ಲಿ ಅಕ್ಕಿ ಅರಳಿಸುವವರಲ್ಲಿ ಹೆಚ್ಚಿನವರು ನಮ್ಮವರೇ, ಹೊಗೆ ಕುಡಿದು ಕೆಮ್ಮುವವರೂ ಅವರೇ. ಆದರೆ ಚುರುಮರಿ ಗಿರಮಿಟ್ ಆಗುವುದು ಗೊಜ್ಜಿನಿಂದ. ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಅರಿಸಿನದೊಡನೆ ಹದವಾಗಿ ಬಾಡಿಸಬೇಕು. ಟೊಮೆಟೊ ಕರಗಬೇಕು. ಹುಣಸೆಹುಳಿ, ಬೆಲ್ಲ ಬೀಳಬೇಕು. ಹುಳಿ ಮುಂದೆ ಹೋಗಬಾರದು, ಬೆಲ್ಲ ಹಿಂದೆ ಬೀಳಬಾರದು. ಗಿರಾಕಿ ಬಂದ ಮೇಲೆಯೇ ಚುರುಮರಿಗೆ ಈ ಗೊಜ್ಜನ್ನು ಹಾಕಿ, ಪುಠಾಣಿ ಹಿಟ್ಟು ಉದುರಿಸಿ, ಪಾತೇಲಿಯಲ್ಲಿ ಗಿರಗಿರನೆ ತಿರುವಬೇಕು. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಪಕ್ಕದಲ್ಲಿ ಎಣ್ಣೆಯಿಂದ ಆಗತಾನೇ ಎದ್ದ ಮಿರ್ಚಿ ಭಜಿ.

ತಿನ್ನಲು ನಿಮಗಿರುವ ಸಮಯ ಐದು ನಿಮಿಷ. ಹೆಚ್ಚೆಂದರೆ ಏಳು. ಆಮೇಲೆ ಚುರುಮರಿ ಗೊಜ್ಜನ್ನು ಕುಡಿದು ಮೆತ್ತಗಾಗುತ್ತದೆ, ಭಜಿಯ ಮೈ ತೊಗಲಿನಂತಾಗುತ್ತದೆ. ಗಿರಮಿಟ್ ಕಾಯುವ ತಿಂಡಿಯಲ್ಲ. ಈ ಮಾತನ್ನು ನನ್ನ ಸ್ನೇಹಿತರಿಗೆ ನಾನು ಬೆರಳೆತ್ತಿ, ಪಾಠ ಹೇಳುವ ಧ್ವನಿಯಲ್ಲೇ ಹೇಳಿದೆ. ನೆನಪಿಟ್ಟುಕೊಳ್ಳಿ.

ನಾನು ಹೋಗುವ ಅಂಗಡಿ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿದೆ. ಅಸ್ರ್ ನಮಾಝ್ ಆದ ಮೇಲೆ ಅಲ್ಲಿ ನಮ್ಮದೊಂದು ಗುಂಪು. ಒಬ್ಬರು ಶಾಲೆಯ ಸಹೋದ್ಯೋಗಿ, ಒಬ್ಬರು ಬೀಜದ ಅಂಗಡಿಯವರು, ಒಬ್ಬರು ನಿವೃತ್ತ ಕಂಡಕ್ಟರ್. ಇಪ್ಪತ್ತು ವರ್ಷದಿಂದ ಅದೇ ಬೆಂಚು. ಮಳೆ, ಮೆಕ್ಕೆಜೋಳದ ರೇಟು, ಮಕ್ಕಳ ಮಾರ್ಕ್ಸು, ಯಾರ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಎಲ್ಲವೂ ಅಲ್ಲೇ ತೀರ್ಮಾನ. ರಮಝಾನ್‌ನಲ್ಲಿ ಅಂಗಡಿಯ ಅಣ್ಣ ನಮಗಾಗಿ ಇಫ್ತಾರ್‌ಗೆ ಹತ್ತು ನಿಮಿಷ ಮೊದಲು ಹೊಸ ಎಣ್ಣೆ ಇಟ್ಟು ಭಜಿ ಬಿಡುತ್ತಾರೆ. ಅವರು ಲಿಂಗಾಯತರು. ಆ ತಿಂಗಳು ಹಗಲು ಹೊತ್ತು ನಾನು ಅಂಗಡಿಯ ಮುಂದೆ ಹಾದುಹೋದರೆ, "ಮಾಸ್ತರ, ಆಕಡೆ ನೋಡಕೋತ ಹೋಗ್ರಿ" ಎಂದು ನಗುತ್ತಾರೆ.

ಊರ ಹೊರಗಿನದನ್ನು ಬೇಗ ಹೇಳಿಬಿಡುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ನಿಮಗೆ ಗೊತ್ತು. ಮೈಯೆಲ್ಲ ಕೆಂಪು, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಮ್ಮ ಮನೆಗಳ ಶೇರ್ವಾಕ್ಕೆ ಆ ಬಣ್ಣ ಬರುವುದು ಅದರಿಂದಲೇ. ಹಾನಗಲ್ಲಿನ ಆಪೂಸು ಮಾವಿನಹಣ್ಣನ್ನು ಮೇ ತಿಂಗಳಲ್ಲಿ ಅಲ್ಲೇ ಹೋಗಿ ತಿನ್ನಬೇಕು. ಮತ್ತು ಸವಣೂರು. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಊರು, ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರು, ವೀಳ್ಯದೆಲೆಯ ಊರು. ಆದರೆ ಬಸ್ಸಿನಲ್ಲಿ ಹೋಗುವವರು 'ಸವಣೂರು' ಎಂದೊಡನೆ ಕೇಳುವುದು ಖಾರ. ಕಡಲೆಹಿಟ್ಟಿನ ಆ ಸವಣೂರು ಖಾರವನ್ನು ಅಬ್ಬಾ ವರ್ಷಕ್ಕೊಮ್ಮೆ ಉರುಸಿಗೆ ಹೋದಾಗ ಕಾಗದದ ಪೊಟ್ಟಣದಲ್ಲಿ ತರುತ್ತಿದ್ದರು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಸ್ನೇಹಿತರ ಚಹಾ ಆರಿತ್ತು. "ನಾಳೆ ಗಿರಮಿಟ್ ತಿನ್ನದೆ ಹೋಗುವುದಿಲ್ಲ" ಎಂದರು. ತಿಂದರು, ಮೆಚ್ಚಿದರು, ಬಸ್ಸು ಹತ್ತಿದರು.

ಅಂದು ರಾತ್ರಿ ಊಟದ ತಟ್ಟೆ ಎತ್ತುತ್ತಾ ನನ್ನ ಪತ್ನಿ ಒಂದು ಮಾತು ಹೇಳಿದಳು. ನಮ್ಮ ಮನೆಮಾತು ಉರ್ದು, ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀವು ಮೊನ್ನೆ ಒಂದು ಗಂಟೆ ಹೇಳಿದಿರಲ್ಲ, ನಾನು ಒಳಗೆ ಕೇಳಿಸಿಕೊಳ್ಳುತ್ತಿದ್ದೆ. ಗಿರಮಿಟ್ ಐದು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ ಎಂದಿರಿ. ನಮ್ಮ ಮನೆಗೆ ಅಂಗಡಿಯಿಂದ ಎಷ್ಟು ನಿಮಿಷ?"

ನಾನು ಲೆಕ್ಕ ಹಾಕಿದೆ. ನಡೆದರೆ ಹದಿನೈದು ನಿಮಿಷ. ಅದಕ್ಕೂ ಮೊದಲು ನನ್ನದು ತಿಂದು, ಮಾತು ಮುಗಿಸಿ, ಏಳುವಾಗ, "ಎರಡು ಪಾರ್ಸಲ್ ಕಟ್ಟಿಬಿಡ್ರಿ" ಎನ್ನುತ್ತೇನೆ. ದಾರಿಯಲ್ಲಿ ಮಗ್ರಿಬ್ ಆಗುತ್ತದೆ. ನಮಾಝ್ ಮುಗಿಸಿ ಮನೆ ಸೇರಬೇಕು. ಒಂದು ಗಂಟೆ.

"ಹದಿನೇಳು ವರ್ಷವಾಯಿತು ಮದುವೆಯಾಗಿ" ಎಂದಳು, "ನೀವು ಹೇಳಿದ ಆ ಗಿರಮಿಟ್ ಯಾವುದು ಎಂದು ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಪೊಟ್ಟಣದ ಗಿರಮಿಟ್."

ಜಗಳದ ಧ್ವನಿಯಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳುವಂತೆ ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದಲೇ ಇನ್ನೊಂದು ಮಾತು: "ತಣ್ಣಗಾದ ಭಜಿಯನ್ನು ಎಣ್ಣೆ ಹಾಕದೆ ತವೆಯ ಮೇಲಿಟ್ಟು, ಮೇಲೊಂದು ತಟ್ಟೆ ಮುಚ್ಚಬೇಕು. ಅಮ್ಮಿ ಹೇಳಿಕೊಟ್ಟದ್ದು. ಅವರಿಗೂ ಅವರ ಅತ್ತೆ ಹೇಳಿಕೊಟ್ಟಿದ್ದರಂತೆ."

ಅಮ್ಮಿ ಎಂದರೆ ನನ್ನ ತಾಯಿ. ಅವರು 2014ರಲ್ಲಿ ತೀರಿಕೊಂಡರು. ಅಲ್ಲಾಹನು ಅವರಿಗೆ ಕರುಣೆ ತೋರಲಿ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಬ್ಬಾ ನನಗೆ ಬಸಿಯಲ್ಲಿ ಚಹಾ ಹೊಯ್ದು ಕೊಟ್ಟ ಅಂಗಡಿ ನಮ್ಮ ಹಳೆಯ ಮನೆಯಿಂದ ಐದು ಮನೆ ಆಚೆ. ಅಮ್ಮಿ ಆ ಅಂಗಡಿಯ ಮುಂದೆ ಹಾದು ನೀರು ತಂದರು, ಸೌದೆ ತಂದರು, ಪಡಿತರ ತಂದರು, ಕಾಯಿಲೆಯಾದಾಗ ಆಟೋದಲ್ಲಿ ಆಸ್ಪತ್ರೆಗೆ ಹೋದರು. ಅಲ್ಲಿ ಕುಳಿತು ಒಂದು ಕಪ್ ಚಹಾ ಕುಡಿದದ್ದಿಲ್ಲ. ಈ ಊರಿನ ಯಾವ ಅಂಗಡಿಯ ಬೆಂಚಿನ ಮೇಲೂ ಅವರು ಕುಳಿತವರಲ್ಲ. ಸವಣೂರು ಖಾರದ ಪೊಟ್ಟಣ ಬಂದಾಗ ನಮಗೆಲ್ಲ ಹಂಚಿ, ಕಾಗದದ ಮಡಿಕೆಯಲ್ಲಿ ಉಳಿದ ಪುಡಿಯನ್ನು ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. "ಪುಡಿಯೇ ರುಚಿ" ಎನ್ನುತ್ತಿದ್ದರು. ನಾನು ನಂಬಿದ್ದೆ.

ಖಾನಾವಳಿಯ ಅವ್ವನೂ ನೆನಪಾದರು. ಅಲ್ಲಿ ರೊಟ್ಟಿ ಬಡಿಯುವವರು ಹೆಂಗಸರು, ಬಡಿಸುವವರು ಹೆಂಗಸರು. ಮಣೆಯ ಮೇಲೆ, ಆಮೇಲೆ ಟೇಬಲ್ಲಿನ ಮೇಲೆ ಕುಳಿತು ತಿಂದ ಹೆಂಗಸರನ್ನು ನಾನು ನೋಡಿದ್ದೇನೆಯೇ? ಜಾತ್ರೆಯ ದಿನ, ಆಸ್ಪತ್ರೆಗೆ ಬಂದ ದಿನ, ಅದೂ ಗೋಡೆಯ ಕಡೆ ಮುಖ ಮಾಡಿ ಅವಸರದಲ್ಲಿ.

ಇನ್ನೊಂದು ವಿಷಯ ಹೇಳದೆ ಇರಲಾರೆ. ನನಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಏಳು ವರ್ಷದ ಮಗನಿಗೆ ಊರಿನ ಎಲ್ಲ ಅಂಗಡಿಗಳೂ ಗೊತ್ತು. ಅಂಗಡಿಯವರಿಗೆ ಅವನೂ ಗೊತ್ತು. ದೊಡ್ಡ ಮಗಳಿಗೆ ಹದಿನೈದು. ಅವಳೂ ಚಿಕ್ಕವಳಿದ್ದಾಗ ನನ್ನ ಕಿರುಬೆರಳು ಹಿಡಿದು ಆ ಬೆಂಚಿನ ಮೇಲೆ ಕುಳಿತವಳೇ. ಹತ್ತು ವರ್ಷ ತುಂಬಿದ ಮೇಲೆ ನಾನು ಅವಳನ್ನು ಕರೆದುಕೊಂಡು ಹೋಗಲಿಲ್ಲ. ಬೇಡ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ದಿನ ಹೊರಡುವಾಗ ಮಗನನ್ನು ಕರೆದೆ, ಅವಳನ್ನು ಕರೆಯಲಿಲ್ಲ. ಅಷ್ಟೇ. ಅವಳು ಕೇಳಲೂ ಇಲ್ಲ.

ಈಗ ಹೇಳಲು ನಾಚಿಕೆಯಾಗುವ ಮಾತು. ನಾನು ಓದಿದ ಕಿತಾಬುಗಳಲ್ಲಿ ಒಂದು ಹದೀಸ್ ಇದೆ. ಸಹೀಹ್ ಮುಸ್ಲಿಮ್‌ನಲ್ಲಿ, ಪಾನೀಯಗಳ ಅಧ್ಯಾಯದಲ್ಲಿ, ಹ. ಅನಸ್(ರ) ಹೇಳಿದ್ದು. ಪ್ರವಾದಿವರ್ಯರ(ಸ) ನೆರೆಯಲ್ಲಿ ಒಬ್ಬ ಪಾರಸಿ ಇದ್ದ. ಸಾರು ಮಾಡುವುದರಲ್ಲಿ ಎತ್ತಿದ ಕೈ. ಒಮ್ಮೆ ಒಳ್ಳೆಯ ಸಾರು ಮಾಡಿ ಪ್ರವಾದಿಯವರನ್ನು(ಸ) ಕರೆಯಲು ಬಂದ. ಅವರು ಹ. ಆಯಿಶಾರನ್ನು(ರ) ತೋರಿಸಿ, ಇವರೂ ಬರಬಹುದೇ ಎಂದು ಕೇಳಿದರು. ಆತ ಇಲ್ಲ ಎಂದ. ಹಾಗಾದರೆ ನಾನೂ ಬರುವುದಿಲ್ಲ ಎಂದರು. ಆತ ಮತ್ತೆ ಕರೆದ, ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲ ಆತ ಹೂಂ ಎಂದ. ಆಗ ಇಬ್ಬರೂ ಎದ್ದು, ಒಬ್ಬರ ಹಿಂದೊಬ್ಬರು ಅವನ ಮನೆಗೆ ಹೋದರು.

ಇದನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಆಮಂತ್ರಣ ಸ್ವೀಕರಿಸುವ ಶಿಷ್ಟಾಚಾರ, ನೆರೆಯವರ ಹಕ್ಕು ಎಂದೆಲ್ಲ ವಿವರಿಸಿದ್ದೇನೆ. ಉಲಮಾಗಳು ಇದಕ್ಕೆ ಕೊಟ್ಟ ಬೇರೆ ಬೇರೆ ವ್ಯಾಖ್ಯಾನಗಳನ್ನು ಬಾಯಿಪಾಠ ಒಪ್ಪಿಸಿದ್ದೇನೆ. ಪಾಠ ಮುಗಿಸಿ ಅಸ್ರ್ ಆದ ಮೇಲೆ ಒಬ್ಬನೇ ಹೋಗಿ ಗಿರಮಿಟ್ ತಿಂದಿದ್ದೇನೆ.

ಕರೆದುಕೊಂಡು ಹೋಗಬೇಕೆಂದು ತೀರ್ಮಾನಿಸಿದ್ದೇನೋ ಆಯಿತು, ಹೋಗಲು ಮೂರು ವಾರ ಹಿಡಿಯಿತು. ನಿಮಗೆ ನಗು ಬರಬಹುದು, ನಗರದಲ್ಲಿರುವ ಸಹೋದರಿಯರಿಗೆ ಇದರಲ್ಲೇನು ದೊಡ್ಡ ವಿಷಯ ಎನಿಸಬಹುದು. ಅಲ್ಲಿ ಹೋಟೆಲುಗಳಿಗೆ 'ಫ್ಯಾಮಿಲಿ ರೂಮ್' ಇರುತ್ತದೆ, ಪರದೆ ಇರುತ್ತದೆ. ಇಲ್ಲಿ ಇರುವುದು ರಸ್ತೆಗೆ ಮುಖ ಮಾಡಿದ ಒಂದು ಬೆಂಚು. ಅದರ ಮೇಲೆ ನನ್ನ ವಿದ್ಯಾರ್ಥಿಗಳ ತಂದೆಯಂದಿರು ಕುಳಿತಿರುತ್ತಾರೆ. 'ಹಜರತ್ ರಸ್ತೆಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಭಜಿ ತಿನ್ನುತ್ತಿದ್ದಾರೆ' ಎಂದರೆ? ಮೂರು ವಾರ ನಾನು ಯೋಚಿಸಿದ್ದು ಅವಳ ಪರದೆಯ ಬಗ್ಗೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಯೋಚಿಸಿದ್ದು ನನ್ನ ಟೋಪಿಯ ಬಗ್ಗೆ.

ಒಂದು ಭಾನುವಾರ ಹೋದೆವು. ಐದು ಜನ. ದೂರದಿಂದಲೇ ಅಂಗಡಿಯ ಅಣ್ಣ ನೋಡಿ, ರೂಢಿಯಂತೆ ಪಾರ್ಸಲ್ಲಿನ ಕಾಗದ ಹರಿಯತೊಡಗಿದರು.

"ಇವತ್ತ ಪಾರ್ಸಲ್ ಬ್ಯಾಡ್ರಿ" ಎಂದೆ, "ಇಲ್ಲೇ ತಿಂತೀವಿ."

ಅವರ ಕೈ ನಿಂತಿತು. ನನ್ನನ್ನು ನೋಡಿದರು, ಹಿಂದೆ ಬುರ್ಖಾ ಹಾಕಿಕೊಂಡು ನಿಂತ ಮೂವರನ್ನು ನೋಡಿದರು. ಬೆಂಚಿನ ಮೇಲಿದ್ದ ಬೀಜದ ಅಂಗಡಿಯವರು ಏನೂ ಹೇಳದೆ ಎದ್ದು, ತಮ್ಮ ತಟ್ಟೆ ಹಿಡಿದುಕೊಂಡು ಬೇವಿನಮರದ ಕಡೆಗೆ ನಡೆದರು. ಇತರರೂ ಹಿಂಬಾಲಿಸಿದರು. ಅವರು ಮುನಿಸಿಕೊಂಡು ಎದ್ದರೋ, ಜಾಗ ಮಾಡಿಕೊಡಲು ಎದ್ದರೋ ಆ ಕ್ಷಣಕ್ಕೆ ತಿಳಿಯಲಿಲ್ಲ. ಅಣ್ಣ ಒಳಗೆ ತಿರುಗಿ ಕೂಗಿದರು: "ಏ, ಇಲ್ಲೆ ಬಾ. ಮಾಸ್ತರ ಮನಿಯವರು ಬಂದಾರ."

ಅಂಗಡಿಯ ಹಿಂದೆಯೇ ಅವರ ಮನೆ ಎಂಬುದು ನನಗೆ ಗೊತ್ತಿತ್ತು. ಆ ಮನೆಯಿಂದ ಯಾರೂ ಹೊರಬಂದದ್ದನ್ನು ಮಾತ್ರ ಇಪ್ಪತ್ತು ವರ್ಷದಲ್ಲಿ ನೋಡಿರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅವರ ಪತ್ನಿ ಬಂದರು. "ಬರ್ರಿ ಬರ್ರಿ, ಒಳಗ ಬರ್ರಿ ತಂಗೆವ್ವಾ. ಇಲ್ಲೆ ಧೂಳ ಬರ್ತೈತಿ" ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಕ್ಕಿಯ ಮೂಟೆ, ಕಡಲೆಹಿಟ್ಟಿನ ಡಬ್ಬ, ಚುರುಮರಿಯ ಚೀಲ ಒಟ್ಟಿದ ಸಣ್ಣ ಕೋಣೆ. ಎರಡು ಚೀಲ ಸರಿಸಿ ಚಾಪೆ ಹಾಸಿದರು. ಅಣ್ಣ ತಟ್ಟೆಗಳನ್ನು ಬಾಗಿಲಿನವರೆಗೆ ತಂದು ಕೊಟ್ಟು, ತಲೆ ತಗ್ಗಿಸಿಕೊಂಡು ಹೋದರು.

ನಾನು ಮಗನೊಡನೆ ಹೊಸ್ತಿಲ ಬಳಿ ಕುಳಿತಿದ್ದೆ. ನನ್ನ ಕಣ್ಣು ಪತ್ನಿಯ ಮೇಲಿತ್ತು. ನಕಾಬ್ ಎತ್ತಿ, ಬಿಸ್ಮಿಲ್ಲಾ ಹೇಳಿ, ಮೊದಲ ತುತ್ತು ತಿಂದಳು. ಕರುಮ್ ಎಂದು ಶಬ್ದ ಬಂತು. ಅವಳು ಅಗಿಯುವುದನ್ನು ನಿಲ್ಲಿಸಿ ತಟ್ಟೆಯನ್ನು ನೋಡಿದಳು. ಚಿಕ್ಕ ಮಗಳು ಜೋರಾಗಿ, "ಅಮ್ಮಿ, ಶಬ್ದ ಬರ್ತದೆ!" ಎಂದಳು. ನಮ್ಮ ಮನೆಯಲ್ಲಿ ಗಿರಮಿಟ್‌ಗೆ ಶಬ್ದವಿರಲಿಲ್ಲ.

ಹೇಗಿದೆ ಎಂದು ಕೇಳಿದೆ. ನಾನು ಬಯಸಿದ ಉತ್ತರ ನಿಮಗೆ ಗೊತ್ತು. ಬಂದ ಉತ್ತರ: "ಹುಳಿ ಸ್ವಲ್ಪ ಮುಂದಿದೆ."

ಅಂಗಡಿಯ ಅಕ್ಕ ಬಾಗಿಲ ಬಳಿ ನಿಂತಿದ್ದವರು ಥಟ್ಟನೆ, "ಹೌದನ್ರಿ? ನನಗೂ ಹಂಗ ಅನಿಸಿತ್ತ. ಹೊಸ ಹುಣಸಿಹಣ್ಣರಿ" ಎಂದರು. ಆಗ ತಿಳಿದದ್ದು, ಗೊಜ್ಜು ಮಾಡುವವರು ಅವರು. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು, ಐದು ಕೆಜಿ ಉಳ್ಳಾಗಡ್ಡಿ ಹೆಚ್ಚಿ, ಮನೆಯ ಒಲೆಯ ಮೇಲೆ ಗೊಜ್ಜು ಮಾಡಿ, ಪಾತೇಲಿ ಹೊರಗೆ ಕಳುಹಿಸುತ್ತಾರೆ. ಇಪ್ಪತ್ತು ವರ್ಷ ನಾನು ಹೊಗಳಿದ್ದು ಅಣ್ಣನ ಕೈರುಚಿಯನ್ನು. ಅವರು ಒಮ್ಮೆಯೂ ಬೇಡ ಎನ್ನಲಿಲ್ಲ!

"ನೀವೂ ಕುಂದರ್ರಿ, ತಿನ್ರಿ" ಎಂದಳು ನನ್ನ ಪತ್ನಿ, ಅವಳಿಗೆ ಬರುವ ಕನ್ನಡದಲ್ಲಿ.

"ಅಯ್ಯ, ನಾನೆಲ್ಲಿ ಇಲ್ಲೆ ಕುಂತ ತಿಂತೀನ್ರಿ ತಂಗೆವ್ವಾ" ಎಂದು ಆಕೆ ನಕ್ಕರು. ಅವರಿಗೂ ಅಂಗಡಿ ಮುಚ್ಚಿದ ಮೇಲೆ ಪಾತೇಲಿಯ ತಳದಲ್ಲಿ ಉಳಿದದ್ದೇ. ಆದರೂ ನನ್ನ ದೊಡ್ಡ ಮಗಳು ಚಾಪೆಯ ಮೇಲೆ ಸರಿದು ಜಾಗ ಮಾಡಿದಳು, ಆಕೆ ಕುಳಿತರು. ನಾನು ಎದ್ದು ಹೊರಗೆ ಬಂದೆ. ಅಣ್ಣನಿಗೆ ಇನ್ನೊಂದು ತಟ್ಟೆ ಗಿರಮಿಟ್ ಹೇಳಿದೆ. ಯಾರಿಗೆ ಎಂದು ಕೇಳಿದರು. ಹೇಳಿದೆ. ಅವರು ಬಹಳ ಹೊತ್ತು ಪಾತೇಲಿ ತಿರುವಿದರು. ಸೇವು ಸ್ವಲ್ಪ ಹೆಚ್ಚೇ ಹಾಕಿದರು.

ಬೇವಿನಮರದ ಕೆಳಗಿದ್ದ ಬೀಜದ ಅಂಗಡಿಯವರು, "ಮಾಸ್ತರ, ಮುಂದಿನ ವಾರ ನಮ್ಮ ಮನಿಯಾಕಿನ್ನೂ ಕರಕೊಂಡ ಬರ್ಲೇನು?" ಎಂದರು. ಇನ್ನೂ ಕರೆದುಕೊಂಡು ಬಂದಿಲ್ಲ. ಕೇಳಿದಾಗಲೆಲ್ಲ ಬಿತ್ತನೆ ಸೀಸನ್ ಮುಗಿಯಲಿ ಎನ್ನುತ್ತಾರೆ.

ಎಲ್ಲರಿಗೂ ಹಿಡಿಸಿತು ಎಂದು ಬರೆದರೆ ಸುಳ್ಳಾದೀತು. ಜುಮಾ ದಿನ ನಮಾಝ್ ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದರು. "ಹಜರತ್, ನಿಮ್ಮಂಥವರೇ ಹೀಗೆ ಶುರುಮಾಡಿದರೆ ಹುಡುಗರಿಗೆ ಏನು ಹೇಳುವುದು?" ಎಂದರು. ಅವರು ನನ್ನ ಅಬ್ಬಾನ ವಯಸ್ಸಿನವರು, ನನ್ನ ಓದಿಗೆ ಸಹಾಯ ಮಾಡಿದವರು. ಎದುರು ಮಾತಾಡಿ ನನಗೆ ರೂಢಿಯಿಲ್ಲ. ಪಾರಸಿಯ ಸಾರಿನ ಹದೀಸ್ ಹೇಳಿದೆ. "ಅದು ನನಗೂ ಗೊತ್ತು" ಎಂದರು. ಸ್ವಲ್ಪ ಹೊತ್ತು ಚಪ್ಪಲಿ ಹುಡುಕಿದರು. ಹುಡುಕಲು ಅಷ್ಟು ಹೊತ್ತು ಬೇಕಿರಲಿಲ್ಲ, ಚಪ್ಪಲಿ ಎದುರಿಗೇ ಇತ್ತು. ಹಾಕಿಕೊಂಡು ಹೋದರು. ಸಲಾಮ್ ಹೇಳುತ್ತಾರೆ, ಮೊದಲಿನ ಸಲುಗೆ ಇಲ್ಲ. ಅದು ನನಗೆ ನೋವೇ.

ಶಾಲೆಗೆ ರಜೆ ಬಂದಾಗ ಸವಣೂರಿಗೆ ಹೋದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಹಾವೇರಿಯಲ್ಲಿ ಬಸ್ಸು ಬದಲಿಸಿದಾಗಲೂ ದುಡ್ಡು ಕೊಟ್ಟವರು ನಾನು ಮತ್ತು ಮಗ. "ನಿಮ್ಮಿಬ್ಬರ ಖರ್ಚು ಜಾಸ್ತಿ" ಎಂದು ಪತ್ನಿ ಚುಡಾಯಿಸಿದಳು. ದೊಡ್ಡಹುಣಸೆಯ ಮಠದ ಆವರಣದಲ್ಲಿ ಆ ಮೂರು ಭಾರೀ ಮರಗಳನ್ನು ನೋಡಿದೆವು. ಆಫ್ರಿಕಾ ಮೂಲದ ಮರಗಳು, ನಮ್ಮ ಜನ ಕರೆಯುವುದು ದೊಡ್ಡಹುಣಸೆ ಎಂದು. ಅವುಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತ್ತು, ಎತ್ತಿ ಮತ್ತೆ ನೆಟ್ಟಿದ್ದಾರೆ. ಮಕ್ಕಳು ಕೈಕೈ ಹಿಡಿದು ಕಾಂಡವನ್ನು ತಬ್ಬಲು ನೋಡಿದರು, ಆಗಲಿಲ್ಲ.

ಆಮೇಲೆ ಖಾರದ ಅಂಗಡಿ. ನಾನು ರೂಢಿಯಂತೆ ಮುಂದೆ ಹೋಗಿ ಅರ್ಧ ಕೆಜಿ ಎನ್ನುವಷ್ಟರಲ್ಲಿ ಪತ್ನಿ ನನ್ನ ತೋಳು ಹಿಡಿದು ಹಿಂದೆ ಸರಿಸಿದಳು. ಅಂಗೈ ಚಾಚಿ ಅಂಗಡಿಯವರಿಂದ ಒಂದು ಚಿಟಿಕೆ ರುಚಿಗೆ ಕೇಳಿದಳು. ತಿಂದಳು. ಇನ್ನೊಂದು ಬಗೆಯದನ್ನು ಕೇಳಿದಳು. ಅದನ್ನೂ ತಿಂದಳು. ಮಕ್ಕಳಿಗೂ ಕೊಡಿಸಿದಳು. ಅಲ್ಲೇ ನಿಂತು ಕಾಲು ಕೆಜಿ ಮೂವರೂ ತಿಂದು, ನೀರು ಕುಡಿದು, ಕಣ್ಣು-ಮೂಗು ಒರೆಸಿಕೊಂಡರು. ಅಷ್ಟು ಹೊತ್ತೂ ನಾನು ಚೀಲ ಹಿಡಿದುಕೊಂಡು ಅಂಗಡಿಯ ಹೊರಗೆ ನಿಂತಿದ್ದೆ. ಕೊನೆಗೆ ಅರ್ಧ ಕೆಜಿ ಕಟ್ಟಿಸಿಕೊಂಡು ಬಂದಳು.

ಬಸ್ಸು ಹೊರಟ ಮೇಲೆ ನನಗೂ ಆಸೆಯಾಯಿತು. ಪೊಟ್ಟಣಕ್ಕೆ ಕೈ ಹಾಕಿದೆ. ಅವಳು ಅದನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ದಾರ ಬಿಗಿ ಮಾಡಿದಳು.

"ಇದು ನಿಮ್ಮದು" ಎಂದಳು, "ಮನೆಗೆ ಹೋಗಿ ತಿನ್ನಿ."